ಎಡಗಾಲು ಆಚೆ, ಬಲಗಾಲು ಈಚೆ

ಆ ಮನೆಯಲ್ಲಿ ಮನುಷ್ಯರು ಕಾಲಿಡಲು ಜಾಗವಿರಲಿಲ್ಲ, ಶೂಗಳಿಗೆ ಮಾತ್ರ ಬೇಕಾದಷ್ಟಿತ್ತು. ನಡುಮನೆಯ ಗೋಡೆಯುದ್ದಕ್ಕೂ, ಮೆಟ್ಟಿಲ ಕೆಳಗೆ, ಸೋಫಾದ ಹಿಂದೆ, ಹಿರಿಯರ ಮಂಚದಡಿಯಲ್ಲಿ, ಕೊನೆಗೆ ಬಚ್ಚಲಮನೆಯ ಅಟ್ಟದ ಮೇಲೂ ರಟ್ಟಿನ ಡಬ್ಬಗಳು. ಒಳಗೆ ಶಾಲೆಯ ಮಕ್ಕಳ ಕಪ್ಪು ಶೂ. ಎಲ್ಲ ಹೊಸದು, ಎಲ್ಲ ಫಳಫಳ ಹೊಳೆಯುವಂಥದ್ದು, ಎಲ್ಲವೂ ಬಲಗಾಲಿನದು. ಅವುಗಳ ಎಡಗಾಲು ಗಡಿಯ ಸೇತುವೆ ದಾಟಿ ಪಕ್ಕದ ದೇಶಕ್ಕೆ ಹೋಗಿ ಎರಡು ತಿಂಗಳ ಮೇಲಾಗಿತ್ತು.

ಇದನ್ನು ಕೇಳಿದ ಯಾರೇ ಆಗಲಿ, ಆ ಮನೆಯ ಯಜಮಾನರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರಲಿಲ್ಲ. ತಲೆ ಸ್ವಲ್ಪ ಜಾಸ್ತಿಯೇ ಓಡುತ್ತಿತ್ತು, ತೊಂದರೆ ಆಗಿದ್ದು ಅದರಿಂದ.

ಯಜಮಾನರು ಮನೆಯ ಕೆಳಗಿನ ಹಾಲಿನಲ್ಲಿ ಆರು ಹೊಲಿಗೆ ಮೆಷಿನ್ ಹಾಕಿಕೊಂಡು, ಮೂವತ್ತು ವರ್ಷದಿಂದ ಪಕ್ಕದ ದೇಶದ ಒಬ್ಬನೇ ಗಿರಾಕಿಗೆ ಶೂ ಹೊಲಿಸಿ ಕಳಿಸುತ್ತಿದ್ದವರು. ಆ ಗಿರಾಕಿಯನ್ನು ಮನೆಮಂದಿಯೆಲ್ಲ ಆಚೆ ಸಾಹುಕಾರರು ಅನ್ನುತ್ತಿದ್ದರು. ಇಬ್ಬರೂ ಪ್ರಾಯದಲ್ಲಿ ಸೇರಿ ಒಂದು ಉಪಾಯ ಹೂಡಿದ್ದರು. ಮೊದಲ ಲಾರಿಯಲ್ಲಿ ಬರೀ ಎಡಗಾಲಿನ ಶೂ ಕಳಿಸುವುದು. ಸಾಹುಕಾರರು ಸುಂಕ ಕಟ್ಟಿ ಬಿಡಿಸಿಕೊಳ್ಳದೆ ಗಪ್‌ಚುಪ್ ಕೂತಿರುವುದು. ವಾರಸುದಾರರಿಲ್ಲದ ಮಾಲು ಎಂದು ಸುಂಕದವರು ಅದನ್ನು ಹರಾಜಿಗೆ ಇಡುವುದು. ಬರೀ ಎಡಗಾಲಿನ ಶೂ ಕೊಳ್ಳುವ ಹುಚ್ಚ ಯಾರಿದ್ದಾನೆ? ಸಾಹುಕಾರರೊಬ್ಬರೇ ಕೈ ಎತ್ತಿ ಚಿಲ್ಲರೆ ಕಾಸಿಗೆ ಕೂಗಿಕೊಂಡು ಬರುವುದು. ಆಮೇಲೆ ಬಲಗಾಲಿನ ಲಾರಿಗೂ ಇದೇ ಶಾಸ್ತ್ರ. ಹರಾಜು ಹಾಕುವವರಿಗೆ ಇದು ಗೊತ್ತಿರಲಿಲ್ಲ ಅನ್ನುವಂತಿಲ್ಲ, ಅವರ ಮಕ್ಕಳ ಕಾಲಿಗೂ ಒಂದೊಂದು ಜೊತೆ ಹೋಗುತ್ತಿತ್ತು. ಸುಂಕದವರಿಗೆ ಚಳ್ಳೆಹಣ್ಣು ತಿನ್ನಿಸಿದ ಈ ಕಥೆಯನ್ನು ಯಜಮಾನರು ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಿದ್ದರು.

ಈ ಸಲ ಎಡಗಾಲಿನ ಲಾರಿ ಸೇತುವೆ ದಾಟಿದ ವಾರಕ್ಕೇ ಪಕ್ಕದ ದೇಶದ ಬೊಕ್ಕಸ ಬರಿದಾಯಿತು. ಅಲ್ಲಿ ಪೆಟ್ರೋಲಿಗೆ ಸಾಲು, ಹಾಲಿನ ಪುಡಿಗೆ ಸಾಲು, ಔಷಧಿಗೆ ಸಾಲು. ಹೊರದೇಶದವರಿಗೆ ಒಂದು ಕಾಸೂ ಕೊಡುವಂತಿಲ್ಲ ಎಂದು ಬ್ಯಾಂಕುಗಳಿಗೆ ಅಪ್ಪಣೆಯಾಯಿತು. ಅನ್ನ, ಔಷಧಿ ಬಿಟ್ಟು ಬೇರೆ ಯಾವ ಲಾರಿಯೂ ಸೇತುವೆ ಮೇಲೆ ಬರಕೂಡದು ಎಂದು ಗೇಟು ಬಿತ್ತು. ಸುಂಕದ ಗೋದಾಮಿನ ಹರಾಜೂ ನಿಂತಿತು. ಎಡಗಾಲುಗಳು ಅಲ್ಲೇ ಉಳಿದವು, ಬಲಗಾಲುಗಳು ಇಲ್ಲೇ.

ಕೆಳಗಿನ ಹಾಲಿನಲ್ಲಿ ಮೆಷಿನ್‌ಗಳು ನಿಂತುಹೋದವು. ಆರರಲ್ಲಿ ಒಂದು ಮನೆಯ ಸೊಸೆಯದು. ಅವಳು ಈ ಮನೆಗೆ ಬಂದಿದ್ದೇ ಕೆಲಸದವಳಾಗಿ. ಕಿಟಕಿಯ ಪಕ್ಕದ ಮೆಷಿನ್ನಿನಲ್ಲಿ ಕೂತು ಹೊಲಿಯುತ್ತಿದ್ದವಳನ್ನು ಯಜಮಾನರ ಮಗ ಮೆಚ್ಚಿಕೊಂಡು ಮದುವೆಯಾಗಿದ್ದ. ಸೊಸೆಯಾದ ಮೇಲೂ ಅವಳು ಕಿಟಕಿಯ ಪಕ್ಕದ ಜಾಗ ಬಿಟ್ಟಿರಲಿಲ್ಲ. ಉಳಿದ ಐದು ಹೆಂಗಸರು ಅವಳನ್ನು ಈಗಲೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ದೊಡ್ಡಕ್ಕನೂ ಸೇರಿ. ಆ ಮೆಷಿನ್‌ಗಳು ಹೋದರೆ ತಾನು ಈ ಮನೆಯಲ್ಲಿ ಯಾರು ಎಂದು ಅವಳಿಗೆ ಹೊಳೆಯುತ್ತಿರಲಿಲ್ಲ. ಹೊಳೆಯುವುದೂ ಬೇಡ ಎಂದು ದಿನವೂ ಹಾಲಿನ ಕಸ ಗುಡಿಸಿ, ಮೆಷಿನ್‌ಗಳ ಮೇಲೆ ಬಟ್ಟೆ ಹೊದಿಸಿ ಬರುತ್ತಿದ್ದಳು.

ಒಂದು ಸಂಜೆ ಊಟಕ್ಕೆ ಕೂತಾಗ ಟೀವಿಯಲ್ಲಿ ಸುದ್ದಿ ಬಂತು. ಎರಡು ದೇಶದವರೂ ಕೂತು ವ್ಯಾಪಾರದ ಒಪ್ಪಂದ ಮಾಡಿಕೊಂಡಿದ್ದಾರೆ, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು. ದುಡ್ಡಿಲ್ಲದಿದ್ದರೆ ಮಾಲಿಗೆ ಮಾಲು. ಶಾಲೆಯ ಮಕ್ಕಳ ಬಟ್ಟೆ, ಪುಸ್ತಕ, ಶೂಗಳಿಗೆ ಸುಂಕವೇ ಇಲ್ಲ.

"ನೋಡಿದ್ಯಾ!" ಯಜಮಾನರು ತಟ್ಟೆಯ ಮುಂದೆಯೇ ತೊಡೆ ತಟ್ಟಿದರು. "ನಾನು ಹೇಳಿರ್ಲಿಲ್ವಾ, ದೊಡ್ಡವರು ಸುಮ್ನೆ ಕೂತಿರಲ್ಲ ಅಂತ. ಶೂ ಅಂತ ಬಾಯಿಬಿಟ್ಟು ಹೇಳಿದ್ರು. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ," ಮಗ ಅನ್ನದ ಮೇಲೆ ಬೇಳೆ ಸುರಿದುಕೊಳ್ಳುತ್ತ ಹೇಳಿದ. ಬೇಳೆಯಲ್ಲಿ ನೀರೇ ಹೆಚ್ಚಿತ್ತು. "ಸುಂಕವೇ ಇಲ್ವಂತೆ. ಜೊತೆಯಾಗಿ ಕಳಿಸಿದ್ರೆ ಇಷ್ಟೊತ್ತಿಗೆ ಗೇಟು ತೆಗೆದು ರಾಜಮರ್ಯಾದೆಯಲ್ಲಿ ಒಳಗೆ ಬಿಡ್ತಿದ್ರು. ಎಷ್ಟು ಸಲ ಬಡ್ಕೊಂಡೆ ಅಪ್ಪ, ಜೊತೆಯಾಗಿ ಕಳ್ಸಿ, ಕಾಲ ಬದಲಾಗಿದೆ ಅಂತ?"

"ನೀನು ಹುಟ್ಟೋಕೆ ಮುಂಚಿಂದ ಎಡ ಬೇರೆ, ಬಲ ಬೇರೆ ಹೋಗ್ತಿದೆ. ಅದೇ ದುಡ್ಡಲ್ಲಿ ನೀನು ಓದಿದ್ದು."

"ಓದಿ ಏನ್ ಬಂತು? ಒಂದು ಕಾಲಿನ ಶೂ ಕಾಯ್ತಾ ಕೂತಿದ್ದೀನಿ."

"ತಟ್ಟೆ ಮುಂದೆ ಜಗಳ ಆಡ್ಬೇಡಿ," ಎಂದರು ಯಜಮಾನರ ಹೆಂಡತಿ, ಸೊಸೆಯ ಅತ್ತೆ. ಬೇರೆ ಎಲ್ಲಿ ಆಡಬೇಕು ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ತಟ್ಟೆ ಇಡುವಷ್ಟೇ ಜಾಗ ಉಳಿದಿತ್ತು.

ಶಾಲೆಗೆ ಹೋಗುವ ಮೊಮ್ಮಗಳು, ಎಲ್ಲರಿಗೂ ಪುಟ್ಟಿ, ಬೇಳೆಯಲ್ಲಿ ಬೆರಳಾಡಿಸುತ್ತ ಕೇಳಿದಳು. "ತಾತ, ಆಚೆ ದೇಶದಲ್ಲಿ ಒಂದೇ ಕಾಲಿರೋ ಮಕ್ಕಳು ಎಷ್ಟಿರಬಹುದು?"

ಸೊಸೆ ಅವಳ ಬೆನ್ನಿಗೆ ಒಂದು ಕೊಟ್ಟಳು. ಕೊಟ್ಟ ಮೇಲೆ ತನಗೇ ನಗು ಬಂದು, ನೀರು ತರುವ ನೆಪದಲ್ಲಿ ಒಳಗೆದ್ದು ಹೋದಳು.

ಒಪ್ಪಂದದ ಮೊದಲ ಫಲ ಮನೆ ಬಾಗಿಲಿಗೇ ಬಂತು, ಸೋಪಿನ ರೂಪದಲ್ಲಿ. ಹೋದ ವರ್ಷ ಕಳಿಸಿದ ಶೂಗಳ ಬಾಬ್ತು ಬಾಕಿ ಉಳಿದಿತ್ತಲ್ಲ, ಅದಕ್ಕೆ ಮಾಲಿಗೆ ಮಾಲು. ಪಕ್ಕದ ದೇಶದಲ್ಲಿ ಹೇರಳವಾಗಿ ಉಳಿದಿದ್ದು ಮೈಗೆ ಹಚ್ಚುವ ಹಸಿರು ಸೋಪೊಂದೇ. ಶೂಗಳ ನಡುವೆ ಉಳಿದಿದ್ದ ಸಂದಿಯಲ್ಲೆಲ್ಲ ಸೋಪಿನ ಪೆಟ್ಟಿಗೆಗಳು ಕೂತವು. ವಾರದೊಳಗೆ ಅನ್ನಕ್ಕೆ ಸೋಪಿನ ವಾಸನೆ, ಚಹಾಕ್ಕೆ ಸೋಪಿನ ವಾಸನೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ತೊಳೆದು ಬಡಿಸಿದ್ಯೇನೇ?" ಎಂದು ಸೊಸೆಯನ್ನು ಕೇಳಿದರು.

ಹೊಲಿಯುವ ಹೆಂಗಸರಿಗೆ ಬಾಕಿ ಸಂಬಳ ಕೊಡಬೇಕಿತ್ತು. ಸೊಸೆ ನಾಚಿಕೆಯಿಂದ ಮುಖ ತಗ್ಗಿಸಿಕೊಂಡು ಸೋಪು ಹಂಚಿದಳು. ದೊಡ್ಡಕ್ಕ ತನ್ನ ಪಾಲನ್ನು ಸೆರಗಿಗೆ ಹಾಕಿಕೊಂಡು ನಕ್ಕಳು.

"ಸರಿ ಬಿಡು ಅಕ್ಕ. ಹೊಟ್ಟೆ ಖಾಲಿ ಇದ್ರೂ ಮೈಯಾದ್ರೂ ಚೊಕ್ಕಟವಾಗಿರುತ್ತೆ."

"ಅಂಗಡಿಯಲ್ಲಿ ಮಾರ್ಕೊಳ್ಳಿ ದೊಡ್ಡಕ್ಕ. ನಾಕು ಕಾಸು ಸಿಗುತ್ತೆ."

"ಯಾವ ಅಂಗಡಿ? ಕೊಡೆ ಮಾಡೋರ ಮನೆಗೂ ಇದೇ ಬಂದಿದೆ, ಬೀಗ ಮಾಡೋರ ಮನೆಗೂ ಇದೇ. ಊರೆಲ್ಲ ಸೋಪು ಹಿಡ್ಕೊಂಡು ಊರಿಗೇ ಮಾರೋಕೆ ನಿಂತಿದೆ." ಆಮೇಲೆ ದನಿ ತಗ್ಗಿಸಿ, "ಕೆಲಸ ಯಾವಾಗ ಶುರು ಅಂತ ಹೇಳು. ಇಲ್ಲ ಅಂದ್ರೆ ಇಲ್ಲ ಅನ್ನು. ನಾವು ಬೇರೆ ಎಲ್ಲಾದ್ರೂ ಕೇಳ್ಕೋತೀವಿ," ಅಂದಳು.

"ಶುರುವಾಗುತ್ತೆ," ಎಂದಳು ಸೊಸೆ. ಹೇಗೆ ಎಂದು ದೊಡ್ಡಕ್ಕ ಕೇಳಲಿಲ್ಲ, ಅದು ಅವಳ ದೊಡ್ಡತನ.

ಆಚೆ ಸಾಹುಕಾರರಿಂದ ಫೋನು ಬಂತು. ಹರಾಜು ಮತ್ತೆ ಶುರುವಾಗುತ್ತದೆಯಂತೆ, ಎಡಗಾಲುಗಳೂ ಪಟ್ಟಿಯಲ್ಲಿವೆಯಂತೆ. "ನೀವೇನೂ ಚಿಂತೆ ಮಾಡ್ಬೇಡಿ," ಎಂದು ಅವರು ಕಿರುಚಿ ಹೇಳುತ್ತಿದ್ದುದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. "ಯಾವತ್ತಿನ ಹಾಗೆ ನಾನೊಬ್ನೇ ಕೈ ಎತ್ತೋದು. ಎಡಗಾಲಿಂದು ಕೈಗೆ ಬಂದ ತಕ್ಷಣ ಬಲ ಕಳ್ಸಿ. ಸ್ಕೂಲು ತೆರೆಯೋಷ್ಟರಲ್ಲಿ ಜೋಡಿ ಮಾಡೋಣ."

ಮಗನಿಗೆ ಸಮಾಧಾನವಾಗಲಿಲ್ಲ. "ಹರಾಜು ಗಿರಾಜು ಬೇಡ. ಈಗ ಸುಂಕವೇ ಇಲ್ಲ. ಒಪ್ಪಂದದ ಆಫೀಸಿಗೆ ಹೋಗಿ, ಎಡ ಅಲ್ಲಿದೆ, ಬಲ ಇಲ್ಲಿದೆ, ಎರಡನ್ನೂ ಸೇರಿಸಿ ಬಿಡಿಸಿಕೊಡಿ ಅಂತ ಹೇಳಿಬಿಡಿ."

"ಹೇಳಿದ್ರೆ ಮೂವತ್ತು ವರ್ಷ ಕಣ್ಣಿಗೆ ಮಣ್ಣೆರಚಿದ್ದು ನಾನೇ ಒಪ್ಕೊಂಡ ಹಾಗಾಯ್ತು."

"ಎಲ್ಲರಿಗೂ ಚಹಾ ಕೊಟ್ಟು ಹೇಳ್ತಿದ್ರಲ್ಲ!"

ಯಜಮಾನರ ಮುಖ ಕೆಂಪಾಯಿತು. ಎರಡು ದಿನ ಅಪ್ಪ ಮಗ ಮಾತು ಬಿಟ್ಟರು. ಉಪ್ಪು ಬೇಕಾದರೂ ಪುಟ್ಟಿಯ ಮೂಲಕವೇ ಕೇಳುತ್ತಿದ್ದರು. ಕೊನೆಗೆ ಸೊಸೆ ಹಾಲಿನ ಬಾಗಿಲಲ್ಲಿ ಮಾವನನ್ನು ತಡೆದು ನಿಲ್ಲಿಸಿದಳು.

"ಮಾವ, ನಾನೂ ಬರ್ತೀನಿ. ನೀವು ಮಾತಾಡ್ಬೇಡಿ, ನಾನು ಮಾತಾಡ್ತೀನಿ. ಬೈಸ್ಕೊಳ್ಳೋದಾದ್ರೆ ನಾನೇ ಬೈಸ್ಕೋತೀನಿ."

ಯಜಮಾನರು ಅವಳ ಮುಖವನ್ನೇ ನೋಡಿದರು. ಸೊಸೆಯ ಮಾತಿಗೆ ಅವರು ಇಲ್ಲ ಅಂದಿದ್ದು ಕಡಿಮೆ, ಅದು ಮಗನ ಹೊಟ್ಟೆಯುರಿಗೆ ಒಂದು ಕಾರಣವೂ ಆಗಿತ್ತು. "ಚಪ್ಪಲಿ ಹಾಕ್ಕೋ, ನಡಿ," ಎಂದರು.

ಆಫೀಸಿನಲ್ಲಿ ಎರಡು ದೇಶದ ಬಾವುಟಗಳು ಒಂದೇ ಹೂದಾನಿಯಲ್ಲಿ ನಿಂತಿದ್ದವು. ಅಧಿಕಾರಿ ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದೇ ಕೆಟ್ಟದ್ದಾಯಿತು, ಜಗಳವಾಡಲೂ ಆಗುವಂತಿರಲಿಲ್ಲ. ಸೊಸೆ ಹೇಳಿದ್ದನ್ನೆಲ್ಲ ಕೇಳಿದ, ಒಂದು ಸಲವೂ ನಗಲಿಲ್ಲ, ಬೈಯಲೂ ಇಲ್ಲ. ಕಂಪ್ಯೂಟರಿನಲ್ಲಿ ತುಂಬಾ ಹೊತ್ತು ಹುಡುಕಿದ.

"ಯಜಮಾನ್ರೇ, ನನ್ನ ಹತ್ರ ಶೂ ಅಂದ್ರೆ ಜೊತೆ ಲೆಕ್ಕ. ಒಂಟಿ ಶೂಗೆ ಇಲ್ಲಿ ಜಾಗವೇ ಇಲ್ಲ. ನಾನು ಅರ್ಧ ಅಂತ ಹಾಕೋಕೆ ನೋಡಿದೆ, ತಗೊಳ್ತಿಲ್ಲ."

"ಜೋಡಿಯ ಇನ್ನೊಂದು ಅಲ್ಲೇ ಇದೆ ಸಾರ್, ಗೋದಾಮಲ್ಲಿ," ಸೊಸೆ ಹೇಳಿದಳು.

"ಅದು ಆ ದೇಶದ ಗೋದಾಮು ತಾಯಿ. ಅಲ್ಲಿರೋದರ ಮೇಲೆ ನನಗೆ ಅಧಿಕಾರವಿಲ್ಲ. ಇಲ್ಲಿರೋದರ ಮೇಲೆ ಅವರಿಗಿಲ್ಲ. ಅವರೂ ನಮ್ಮನ್ನೇ ಕೇಳ್ತಾರೆ, ನಾವೂ ಅವರನ್ನೇ ಕೇಳ್ತೀವಿ."

"ಹಾಗಾದ್ರೆ ಒಪ್ಪಂದ ಯಾರ ಮೇಲೆ ಆಗಿದೆ?" ಯಜಮಾನರು ಬಾಯಿ ತೆರೆದೇಬಿಟ್ಟರು.

ಅಧಿಕಾರಿ ಹೂದಾನಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. "ನನ್ನ ಕೈಲಿ ಏನೂ ಇಲ್ಲ," ಎಂದ. ನಿಜವಾಗಿಯೂ ಅವನ ಕೈಲಿ ಏನೂ ಇರಲಿಲ್ಲ, ಅದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಇಬ್ಬರಿಗೂ ಚಹಾ ತರಿಸಿ ಕುಡಿಸಿ ಕಳಿಸಿದ.

ಬರುವಾಗ ಬಸ್ಸಿನಲ್ಲಿ ಸೊಸೆಗೆ ಯೋಚನೆ ಬಂತು. ಎಡಗಾಲಿನದ್ದನ್ನು ಇಲ್ಲೇ ಮತ್ತೆ ಹೊಲಿದರೆ? ಅಚ್ಚು ಇದೆ, ಕೈ ಇದೆ, ಮೆಷಿನ್ ಇದೆ. ಇಲ್ಲದ್ದು ಚರ್ಮ ಮತ್ತು ತಳಕ್ಕೆ ಅಂಟಿಸುವ ರಬ್ಬರಿನ ಸೋಲು. ಚರ್ಮದ ವ್ಯಾಪಾರಿಯ ಅಂಗಡಿ ಮುಂದೆಯೇ ಮಾವನನ್ನು ಇಳಿಸಿದಳು. ವ್ಯಾಪಾರಿ ಕುರ್ಚಿ ಹಾಕಿದ, ಮನೆಮಂದಿಯ ಕ್ಷೇಮ ಕೇಳಿದ, ಸಾಲ ಎಂಬ ಮಾತು ಬಂದೊಡನೆ ಕೈ ಮುಗಿದ.

"ಕಾಲ ಹೇಗಿದೆ ನೋಡ್ತಿದ್ದೀರಲ್ಲ. ಕೈಮೇಲೆ ದುಡ್ಡು ಇಟ್ರೆ ಮಾಲು. ಇಲ್ಲ, ಆಚೆ ಕಡೆ ಸರ್ಕಾರದ ಆರ್ಡರ್ ಪತ್ರ ತೋರ್ಸಿ, ಅದರ ಮೇಲೆ ಕೊಡ್ತೀನಿ." ಆಮೇಲೆ ಭಯದಿಂದ ಸೇರಿಸಿದ, "ಸೋಪು ಮಾತ್ರ ಕೊಡ್ಬೇಡಿ."

ಮನೆಯಲ್ಲಿ ಊಟದ ಹೊತ್ತಿಗೆ ಮಗ ಒಂದು ದಾರಿ ಹೇಳಿದ. ಮೆಷಿನ್‌ಗಳನ್ನು ಕೊಳ್ಳಲು ಒಬ್ಬ ಗಿರಾಕಿ ಇದ್ದಾನೆ. ಮಾರಿದರೆ ಚರ್ಮಕ್ಕೆ ಆಗುವಷ್ಟು ದುಡ್ಡು ಬರುತ್ತದೆ.

"ಮೆಷಿನ್ ಮಾರಿ ಚರ್ಮ ತರೋಣ," ಸೊಸೆ ನಿಧಾನವಾಗಿ ಕೇಳಿದಳು. "ತಂದು ಹಲ್ಲಲ್ಲಿ ಹೊಲಿಯೋದಾ?"

"ನಾನು ಚರ್ಮ ತರೋಣ ಅಂತ ಹೇಳ್ತಿಲ್ಲ ಕಣೇ. ಮಾರೋಣ ಅಂತಿದ್ದೀನಿ. ಅಷ್ಟೇ. ನಾನು ಇಲ್ಲೇ ಊರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯೋ ಕೆಲಸ ಕೇಳಿದ್ದೀನಿ. ಮನೇಲಿ ಒಬ್ಬರಾದ್ರೂ ತಿಂಗಳ ಸಂಬಳ ತರಬೇಕು."

ಅತ್ತೆ ತಮ್ಮ ತಟ್ಟೆಯ ಆಲೂಗಡ್ಡೆಯನ್ನು ಎತ್ತಿ ಮಗನ ತಟ್ಟೆಗೆ ಹಾಕಿದರು. ಸೊಸೆಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಅವನ ಅಂಗಿಯ ಕಾಲರು ಸವೆದಿದ್ದು ಮಾತ್ರ ಕಣ್ಣಿಗೆ ಬಿತ್ತು.

"ಹರಾಜು ಆಗ್ಲಿ," ಎಂದರು ಯಜಮಾನರು. "ಎಡಗಾಲಿಂದು ಕೈಗೆ ಬರ್ಲಿ. ಆಮೇಲೆ ಮಾತಾಡು."

ಹರಾಜಿನ ದಿನ ಯಜಮಾನರು ಬೆಳಗಿನಿಂದ ಫೋನಿನ ಪಕ್ಕ ಕೂತಿದ್ದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಸಂಜೆ ಫೋನು ಬಂದಾಗ ಆಚೆ ಸಾಹುಕಾರರು ಕಿರುಚಲಿಲ್ಲ. ಮೆಲ್ಲಗೆ ಮಾತಾಡಿದ್ದರಿಂದ ಯಜಮಾನರಿಗೆ ಕೇಳಿಸದೆ, ಸೊಸೆಯೇ ಫೋನು ಕಿವಿಗಿಟ್ಟುಕೊಳ್ಳಬೇಕಾಯಿತು.

"ಇನ್ನೊಬ್ಬ ಕೈ ಎತ್ತಿದ ಕಣಮ್ಮ," ಸಾಹುಕಾರರು ಹೇಳಿದರು. "ಟೈರ್ ರಿಪೇರಿಯವನು. ನಮ್ಮಲ್ಲಿ ರಬ್ಬರ್ ಬರ್ತಿಲ್ಲ ನೋಡು. ಶೂಗಳ ಸೋಲಿಗಾಗಿ ಕೂಗಿದ. ಎಡವೋ ಬಲವೋ ಅವನಿಗೇನು? ನಾನು ಏರಿಸಿದೆ, ಅವನೂ ಏರಿಸಿದ. ನನ್ನ ಹತ್ರ ಇದ್ದಿದ್ದು ಅಷ್ಟೇ ಅಮ್ಮ. ಅಲ್ಲೇ ಅಂಗಳದಲ್ಲಿ ಕೂತು ಸೋಲು ಕೀಳೋಕೆ ಶುರು ಮಾಡಿದ್ರು. ನೀನು ಹೊಲಿದದ್ದು. ನನ್ನ ಕಣ್ಣಲ್ಲಿ ನೋಡೋಕಾಗ್ಲಿಲ್ಲ, ಎದ್ದು ಬಂದೆ."

"ಏನಂತೆ?" ಯಜಮಾನರು ಕೇಳಿದರು.

ಸೊಸೆ ಹೇಳಿದಳು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವರು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡ ಮೇಲೆ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದರು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ತೊಳೆದರು. ಮಗ ಬಾಗಿಲಲ್ಲಿ ನಿಂತಿದ್ದ. ಇಷ್ಟು ದಿನ ಅವನು ಕಾದಿದ್ದ ಮಾತು ಆಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಅವನು ಆಡಲಿಲ್ಲ. ಟವೆಲು ತಂದು ಅಪ್ಪನ ಕೈಗೆ ಕೊಟ್ಟ. ಮೆಷಿನ್ ಕೊಳ್ಳುವವನಿಗೆ ಮಾತ್ರ ಮಾರನೆಯ ದಿನವೇ ಬಾ ಎಂದು ಹೇಳಿ ಕಳಿಸಿದ.

ಬರಬೇಕಾದವನಿಗಿಂತ ಮೊದಲು ಬಂದವನು ಆಫೀಸಿನ ಅಧಿಕಾರಿ. ಕೂರಲು ಜಾಗವಿಲ್ಲದೆ ಸೋಪಿನ ಪೆಟ್ಟಿಗೆಯ ಮೇಲೇ ಕೂತ.

"ಎರಡೂ ದೇಶ ಸೇರಿ ಪ್ರದರ್ಶನ ಮಾಡ್ತಿದ್ದೀವಿ. ಆಚೆ ದೇಶದ ಶಿಕ್ಷಣ ಮಂತ್ರಿಗಳು ಬರ್ತಾರೆ. ಶೂ ಮಾಡೋರು ಅಂತ ನಮ್ಮ ಪಟ್ಟೀಲಿ ಇರೋದು ನೀವೊಬ್ಬರೇ. ಗಾಜಿನ ಪೆಟ್ಟಿಗೇಲಿಡೋಕೆ ಒಂದು ಜೊತೆ ಬೇಕು."

"ಜೊತೆ!" ಅತ್ತೆಗೆ ನಗುವೋ ಅಳುವೋ ತಿಳಿಯಲಿಲ್ಲ.

"ಗೊತ್ತು ತಾಯಿ. ಅದಕ್ಕೇ ನಾನೇ ಬಂದೆ. ಬಲ ಇದೆ. ಎಡ ಒಂದೇ ಒಂದು ಸಾಕು." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮಂತ್ರಿಗಳು ಮೆಚ್ಚಿದ್ರೆ ಅಲ್ಲೇ ಆರ್ಡರ್ ಪತ್ರ ಕೊಡ್ತಾರೆ. ಆದ್ರೆ ಮಾಲು ಸಿದ್ಧ ಇದೆ ಅನ್ನೋರಿಗೆ ಮಾತ್ರ. ಪತ್ರ ಬಂದ ಮೇಲೆ ಲಾರಿ ಬರೋಕೆ ಮಾಮೂಲು ಒಂದು ತಿಂಗಳು. ನಾನು ಇಷ್ಟು ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳಿಲ್ಲ, ಹೇಳೋದೂ ಇಲ್ಲ."

ಅವನು ಹೋದ ಮೇಲೆ ಮಗನ ಕಣ್ಣಿಗೆ ಎಷ್ಟೋ ದಿನದ ಮೇಲೆ ಕಳೆ ಬಂತು. "ಎರಡು ಸಾವಿರ ಜೊತೆ ಸಿದ್ಧ ಇದೆ ಅಂತ ಹೇಳಿ. ಪತ್ರ ಕೈಗೆ ಬರುತ್ತೆ. ಪತ್ರ ನೋಡಿ ಚರ್ಮದವನು ಮಾಲು ಕೊಡ್ತಾನೆ. ತಿಂಗಳಲ್ಲಿ ಎಡ ಹೊಲಿದು ಮುಗಿಸ್ಬಹುದಲ್ವಾ?" ಎಂದು ಹೆಂಡತಿಯನ್ನು ಕೇಳಿದ.

"ಮುಗಿಸ್ತೀವಿ. ಆರೂ ಜನ ಕೂತ್ರೆ ಮುಗಿಸ್ತೀವಿ."

"ಗಿರಾಕಿಗೆ ಸುಳ್ಳು ಲೆಕ್ಕ ಹೇಳೋದಾ?" ಯಜಮಾನರು ಎದ್ದು ನಿಂತರು. "ಸುಂಕದವನಿಗೆ ಹೇಳಿದ್ದೀನಿ. ಕೊಳ್ಳೋನಿಗೆ ಇವತ್ತಿನವರೆಗೂ ಹೇಳಿಲ್ಲ."

"ಬಾಯಿ ಮಾತಿನ ಸುಳ್ಳು ಅಷ್ಟೇ, ಅಪ್ಪ. ಒಂದು ತಿಂಗಳಿಗೆ ನಿಜ ಆಗುತ್ತೆ."

"ನನ್ನ ಬಾಯಿಂದ ಆಗಲ್ಲ."

"ಆಗದಿದ್ರೆ ಮೆಷಿನ್ ಹೋಗುತ್ತೆ!" ಸೊಸೆಯ ದನಿ ಏರಿದ್ದು ಆ ಮನೆಯಲ್ಲಿ ಅದೇ ಮೊದಲು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಅಲ್ಲಿಗೇ ನಿಲ್ಲಿಸದೆ ಗಂಡನಿಗೂ ಹೇಳಿದಳು, "ಕೊಳ್ಳೋನಿಗೆ ಪ್ರದರ್ಶನದ ಮಾರನೆ ದಿನ ಬಾ ಅನ್ನಿ. ಅಲ್ಲೀವರೆಗೆ ಒಂದು ಮೊಳೆಯನ್ನೂ ಮುಟ್ಟಕೂಡದು."

ಅವನು ಒಪ್ಪಿಕೊಂಡ. ಮೂಲೆಯಲ್ಲಿ ಉಳಿದಿದ್ದ ಚರ್ಮದ ತುಂಡುಗಳನ್ನೆಲ್ಲ ಸೊಸೆ ನೆಲದ ಮೇಲೆ ಹರಡಿ, ಕಲೆಯಿಲ್ಲದ ಒಂದನ್ನು ಆರಿಸಿದಳು. ಕಿಟಕಿಯ ಬಿಸಿಲಲ್ಲಿ ಕೂತು ಒಂದೇ ಒಂದು ಎಡಗಾಲಿನ ಶೂ ಹೊಲಿದಳು. ಅಷ್ಟು ನಿಧಾನವಾಗಿ ಅವಳು ಯಾವತ್ತೂ ಹೊಲಿದಿರಲಿಲ್ಲ. ಯಜಮಾನರು ಕರೆಯದೆಯೇ ಬಂದು, ಮೂಲೆಯಲ್ಲೇ ಉಳಿದಿದ್ದ ಒಂದು ಸೋಲು ಹುಡುಕಿ ಅಂಟಿಸಿದರು, ಅಂಚು ಉಜ್ಜಿದರು. ಪುಟ್ಟಿ ಎರಡನ್ನೂ ಕಾಲಿಗೆ ಹಾಕಿಕೊಂಡು ಹಾಲಿನ ಉದ್ದಕ್ಕೂ ನಡೆದು ತೋರಿಸಿದಳು. ಆ ಮನೆಯಲ್ಲಿ ಎರಡು ಕಾಲಿನ ನಡಿಗೆಯ ಸದ್ದು ಕೇಳಿ ಅತ್ತೆ ಮೇಲಿನಿಂದ ಇಳಿದು ಬಂದು ನೋಡಿದರು.

ಪ್ರದರ್ಶನದ ಹಾಲಿನಲ್ಲಿ ಬೆಳಕು ಕಣ್ಣು ಕುಕ್ಕುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಜೋಡಿ ಶೂ, ಮೇಲೆ 'ಎರಡು ದೇಶಗಳ ಕೂಡುನಡಿಗೆ' ಎಂಬ ಫಲಕ. ಪಕ್ಕದಲ್ಲಿ ಯಜಮಾನರು, ಮಗ, ಸೊಸೆ ಸಾಲಾಗಿ ನಿಂತಿದ್ದರು. ಮಂತ್ರಿಗಳು ಬಿಳಿ ಕೂದಲಿನ ಹೆಂಗಸು. ಉಳಿದ ಮಳಿಗೆಗಳ ಮುಂದೆ ನಗುತ್ತ ದಾಟಿದವರು ಇಲ್ಲಿ ನಿಂತರು. ಪೆಟ್ಟಿಗೆ ತೆಗೆಸಿ ಶೂ ಕೈಗೆತ್ತಿಕೊಂಡರು. ಎತ್ತಿಕೊಂಡಿದ್ದು ಎಡಗಾಲಿನದನ್ನೇ.

"ಎಷ್ಟು ಚೆನ್ನಾಗಿದೆ," ಎಂದರು. ಆಮೇಲೆ ಮೆಲ್ಲಗೆ, ಯಾರಿಗೂ ಭಾಷಣ ಮಾಡದೆ, "ನಮ್ಮಲ್ಲಿ ಮಕ್ಕಳು ಬರಿಗಾಲಲ್ಲಿ ಸ್ಕೂಲಿಗೆ ಬರ್ತಿದ್ದಾರೆ. ಕಾಲು ಸುಟ್ಟುಕೊಂಡು ಬರ್ತಾರೆ. ಇಂಥದ್ದು ಎಷ್ಟು ಜೊತೆ ಸಿದ್ಧ ಇದೆ ನಿಮ್ಮಲ್ಲಿ?"

ಯಜಮಾನರು ಬಾಯಿ ತೆರೆದರು, ಮುಚ್ಚಿದರು. ಮಗ ಕೆಮ್ಮಿದ. ಯಜಮಾನರು ಮತ್ತೆ ಬಾಯಿ ತೆರೆದರು. ಅವರು ಈಗ 'ಇದೊಂದೇ ಜೊತೆ' ಎಂದುಬಿಡುತ್ತಾರೆ ಎಂದು ಸೊಸೆಗೆ ತಿಳಿಯಿತು.

"ಎರಡು ಸಾವಿರ," ಎಂದಳು ಅವಳು.

"ಸಿದ್ಧವಾಗಿದೆಯಾ?"

"ಸಿದ್ಧವಾಗಿದೆ. ಮನೇಲೇ ಇದೆ."

ಮಂತ್ರಿಗಳು ಅವಳ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು, ಅದು ನಟನೆಯಲ್ಲ. "ಹಾಗಿದ್ರೆ ಪತ್ರ, ಗಡುವು ಅಂತ ಕಾಯೋದು ಯಾಕೆ? ನಮ್ಮ ಲಾರಿಗಳು ಇಲ್ಲೇ ಖಾಲಿ ನಿಂತಿವೆ." ಹಿಂದಿದ್ದವರ ಕಡೆ ತಿರುಗಿದರು. "ನಾಳೆ ಬೆಳಗ್ಗೆ ಒಂದು ಲಾರಿ ಇವರ ಬಾಗಿಲಿಗೆ ಹೋಗಲಿ. ಸೋಮವಾರ ಮಕ್ಕಳು ಶೂ ಹಾಕಿಕೊಂಡು ಬರಬೇಕು."

ಹಾಲಿನಲ್ಲಿ ಚಪ್ಪಾಳೆ. ಒಳ್ಳೆಯ ಅಧಿಕಾರಿಯೂ ತಟ್ಟಿದ, ನೆಲ ನೋಡುತ್ತ. ಕ್ಯಾಮೆರಾದವರು ನಗಿ ಅಂದರು, ಮೂವರೂ ನಕ್ಕರು.

ಆ ಚಿತ್ರ ಸಂಜೆ ಟೀವಿಯಲ್ಲಿ ಬಂತು. ಮನೆಯವರು ಯಾರೂ ನೋಡಲಿಲ್ಲ. ಅನ್ನ ಒಲೆಯ ಮೇಲೆಯೇ ತಣ್ಣಗಾಯಿತು. "ಆ ಲಾರಿಯವನಿಗೆ ಏನ್ ಹೇಳೋದು?" ಎಂದು ಅತ್ತೆ ಮೂರು ನಾಲ್ಕು ಸಲ ಕೇಳಿದರು.

ಬೆಳಗ್ಗೆ ಮಗ ಎದ್ದವನೇ ಅಧಿಕಾರಿಯನ್ನು ಹುಡುಕಿಕೊಂಡು ಹೋದ. ಅವನು ಹೋದ ಹಿಂದೆಯೇ ಲಾರಿ ಬಂತು. ಮುಂದೆ ಎರಡು ಬಾವುಟ ಕಟ್ಟಿಕೊಂಡು, ಬೀದಿ ತುಂಬಾ ಹಾರ್ನು ಹೊಡೆಯುತ್ತ ಬಂದು ಬಾಗಿಲಿಗೆ ಹಿಂಭಾಗ ತಿರುಗಿಸಿ ನಿಂತಿತು. ಚಾಲಕ ಇಳಿದು ಹಲಗೆ ಬಿಚ್ಚಿದ. ಯಜಮಾನರು ಒಗೆದ ಅಂಗಿ ತೊಟ್ಟು ಮೆಟ್ಟಿಲಿಳಿದರು. ಸೊಸೆ ಅವರ ಹಿಂದೆಯೇ ನಿಂತಳು.

"ಮಾಲಿಲ್ಲಪ್ಪ," ಎಂದರು. "ಇರೋದೆಲ್ಲ ಬಲಗಾಲು. ನೀನು ಹೋಗು."

ಚಾಲಕ ಒಂದು ಡಬ್ಬ ತೆಗೆದು ನೋಡಿದ, ಇನ್ನೊಂದು ತೆಗೆದು ನೋಡಿದ. "ನಾನು ಖಾಲಿ ಹೋದ್ರೆ ಕೆಲಸ ಹೋಗುತ್ತೆ ಯಜಮಾನ್ರೇ. ಏನಂತ ಹೇಳ್ಲಿ?"

"ಮುದುಕ ಸುಳ್ಳು ಹೇಳಿದ ಅಂತ ಹೇಳು."

"ಮಾವ, ಹೇಳಿದ್ದು ನೀವಲ್ಲ," ಎಂದಳು ಸೊಸೆ.

"ಸುಮ್ನಿರು," ಎಂದರು ಅವರು, ಅವಳ ಕಡೆ ತಿರುಗದೆ. ಚಾಲಕ ಮೆಟ್ಟಿಲ ಮೇಲೆ ಕುಸಿದು ಕೂತು ನೀರು ಕೇಳಿದ. ಅವಳು ನೀರು ತರಲು ಒಳಗೆ ಹೋದಳು.

ಹಾಲಿನ ಹಿಂಬಾಗಿಲಿಂದ ಹೆಂಗಸರು ಆಗಲೇ ಬಂದು ಸೇರಿದ್ದರು, ಐದೂ ಜನ. ಎಲ್ಲರೂ ಟೀವಿ ನೋಡಿದ್ದರು. ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಬೇರೊಂದು ಮನೆಯ ಕೆಲಸಕ್ಕೆ ಒಪ್ಪಿಕೊಂಡಿದ್ದ ಒಬ್ಬಳು ಅದಕ್ಕೆ ಎ‍ಳ್ಳುನೀರು ಬಿಟ್ಟು ಬಂದಿದ್ದಳು. ದೊಡ್ಡಕ್ಕ ಮೆಷಿನ್‌ಗಳ ಮೇಲಿನ ಬಟ್ಟೆ ತೆಗೆದು ಮಡಚುತ್ತಿದ್ದಳು. ಸೊಸೆಯನ್ನು ಕಂಡೊಡನೆ ಬಂದು ಅವಳ ಗಲ್ಲ ಹಿಡಿದಳು.

"ಶುರುವಾಗುತ್ತೆ ಅಂದಿದ್ಯಲ್ಲ, ಮಾಡೇಬಿಟ್ಟೆ ನನ್ನವ್ವ! ಲಾರಿನೇ ಬಾಗಿಲಿಗೆ ತರಿಸಿದ್ಯಲ್ಲ! ನಾನು ಮನೇಲೂ ಹೇಳಿಬಿಟ್ಟೆ, ಇನ್ನು ಚಿಂತೆಯಿಲ್ಲ ಅಂತ."

ಸೊಸೆಯ ಕೈಯಲ್ಲಿ ನೀರಿನ ಲೋಟ ಇತ್ತು. ಹೇಳಬೇಕಾದ ಮಾತು ನಾಲಿಗೆಯವರೆಗೂ ಬಂತು. ಐದು ಮುಖಗಳೂ ಅವಳನ್ನೇ ನೋಡುತ್ತಿದ್ದವು.

"ಅಕ್ಕ, ಮೆಷಿನ್ನಿಗೆಲ್ಲ ಎಣ್ಣೆ ಬಿಡ್ಲಾ?" ದೊಡ್ಡಕ್ಕ ಕೇಳಿದಳು. "ತುಂಬಾ ದಿನ ಆಯ್ತಲ್ಲ, ಬಿಗಿದಿರುತ್ತೆ."

"ಬಿಡಿ," ಎಂದಳು ಸೊಸೆ. ನೀರಿನ ಲೋಟ ಹಿಡಿದು ಹೊರಗೆ ನಡೆದಳು.

ಲಾರಿ ಖಾಲಿಯಾಗಿಯೇ ಹೋದ ಮೇಲೆ, ಮಧ್ಯಾಹ್ನ ಮೆಷಿನ್ ಕೊಳ್ಳುವವನು ಬಂದ. ಒಂದೊಂದೇ ಚಕ್ರಕ್ಕೆ ಕೈ ಹಾಕಿ ತಿರುಗಿಸಿ ನೋಡಿದ. ಆರೂ ಮೆಷಿನ್‌ಗಳು ಸದ್ದಿಲ್ಲದೆ ತಿರುಗಿದವು. ಎಷ್ಟು ಚೆನ್ನಾಗಿಟ್ಟುಕೊಂಡಿದ್ದೀರಿ ಎಂದು ಮೆಚ್ಚಿ, ಅವನು ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟ.